ಮಡಚುವ ಕ್ಯಾಮೆರಾ ಕೊಳ್ಳುವಾಗ ನಾನು ಏನೇನು ನೋಡುತ್ತೇನೆ

ಹಳೇ ಜರ್ಮನ್ ಕ್ಯಾಮೆರಾ ಕೂಡಿಡುವುದು ಎಂದರೆ ಗಾಜಿನ ಬೀರು ತುಂಬಿಸುವುದು ಎಂದು ಅನೇಕರು ತಿಳಿದಿದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ನನ್ನ ಹತ್ತಿರ ಇರುವ ಯಾವುದನ್ನು ಎತ್ತಿಕೊಂಡರೂ ಇವತ್ತೇ ರೀಲು ಹಾಕಿ ಫೋಟೋ ತೆಗೆಯಬಹುದು. ಫೋಟೋ ತೆಗೆಯಲು ಬಾರದ ಕ್ಯಾಮೆರಾ ಎಷ್ಟೇ ಚೆಂದ ಇರಲಿ, ಎಷ್ಟೇ ಅಗ್ಗಕ್ಕೆ ಸಿಗಲಿ, ಮನೆಗೆ ತರುವುದಿಲ್ಲ.

ಇನ್ನೊಂದು ಕಟ್ಟುಪಾಡನ್ನೂ ನಾನೇ ಹಾಕಿಕೊಂಡಿದ್ದೇನೆ. ಕೆಲಸಕ್ಕೆಂದು ಬಂದು ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದವನು ನಾನು. ಹಾಗಾಗಿ ಈ ಊರಿನಲ್ಲಿ ತಯಾರಾದ, ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಮಾಡಲು ನೆರವಾಗುವ ಸಾಧನ) ಇರುವ ಮಡಚುವ ಕ್ಯಾಮೆರಾ ಮಾತ್ರ ಕೊಳ್ಳುತ್ತೇನೆ. ಬ್ರೌನ್‌ಶ್ವೈಗ್ ಎಂಬ ಬೇರೆ ಊರಿನ ಮಡಚುವ ಕ್ಯಾಮೆರಾ ಬೆಸ್ಸಾ 2 ಕಂಡರೆ ಆಸೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಬಿಡುತ್ತೇನೆ. ಒಂದೇ ಊರನ್ನು ಹಿಡಿದುಕೊಂಡರೆ ಖರ್ಚೂ ಹತೋಟಿಯಲ್ಲಿರುತ್ತದೆ, ಆ ಕೆಲವು ಕ್ಯಾಮೆರಾಗಳ ಒಳಹೊರಗೂ ಚೆನ್ನಾಗಿ ಗೊತ್ತಾಗುತ್ತದೆ.

ಈ ಊರಿಗೆ ಒಬ್ಬ ದೊಡ್ಡ ಕ್ಯಾಮೆರಾ ಮನುಷ್ಯ ಇದ್ದರು, ಆಗಸ್ಟ್ ನಾಗೆಲ್. ಅವರು ಕಟ್ಟಿದ ಕಾಂಟೆಸ್ಸಾ ಕಂಪನಿ ಮುಂದೆ ಕಾಂಟೆಸ್ಸಾ-ನೆಟ್ಟೆಲ್ ಆಯಿತು, 1926ರಲ್ಲಿ ಝೈಸ್ ಇಕಾನ್ ಒಳಗೆ ಸೇರಿತು. ಎರಡು ವರ್ಷದಲ್ಲೇ ನಾಗೆಲ್ ಹೊರಬಂದು ಮತ್ತೆ ಸ್ವಂತ ಕಾರ್ಖಾನೆ ತೆರೆದರು. 1932ರಲ್ಲಿ ಅದನ್ನು ಕೊಡಾಕ್ ಕೊಂಡಿತು. ಅಲ್ಲಿಂದ ಹೊರಬಂದದ್ದೇ ರೆಟಿನಾ. ಇವತ್ತಿಗೂ ನಾವು 35 ಎಂಎಂ ಕ್ಯಾಮೆರಾಕ್ಕೆ ಹಾಕುವ ಡಬ್ಬಿ ಫಿಲ್ಮ್ 1934ರಲ್ಲಿ ಮೊದಲ ರೆಟಿನಾ ಜೊತೆಗೇ ಮಾರುಕಟ್ಟೆಗೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಡಚುವ ಕ್ಯಾಮೆರಾದಿಂದ ಎಂಥ ದೊಡ್ಡ ದಾರಿ ತೆರೆಯಿತು ಅಲ್ವಾ! ಇನ್ನು ಝೈಸ್ ಇಕಾನ್ ಕಥೆ. ಎರಡನೇ ಮಹಾಯುದ್ಧದ ನಂತರ, ಕಂಪನಿಯ ಮುಖ್ಯ ಕಚೇರಿ ಇದ್ದ ಡ್ರೆಸ್ಡನ್ ಪೂರ್ವ ಜರ್ಮನಿಯ ಪಾಲಾಯಿತು, ಸ್ಟುಟ್‌ಗಾರ್ಟ್ ಪಶ್ಚಿಮದಲ್ಲಿ ಉಳಿಯಿತು. 1954ರ ಸೂಪರ್ ಇಕಾಂಟಾ 3, 1956ರ ಸೂಪರ್ ಇಕಾಂಟಾ 4 ಎರಡೂ ಇಲ್ಲಿನವು. ನನ್ನ ಸಂಗ್ರಹದ ಬೆನ್ನೆಲುಬು ಈ ಎರಡು ಮನೆತನಗಳು.

ಸೂಪರ್ ಇಕಾಂಟಾದ ರೇಂಜ್‌ಫೈಂಡರ್ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮಡಚುವ ಕ್ಯಾಮೆರಾದಲ್ಲಿ ದೊಡ್ಡ ತೊಂದರೆ ಏನೆಂದರೆ, ಲೆನ್ಸ್ ಮುಂದಿನ ಬಾಗಿಲ ಮೇಲೆ ನಿಲ್ಲುತ್ತದೆ, ರೇಂಜ್‌ಫೈಂಡರ್ ಹಿಂದಿನ ಪೆಟ್ಟಿಗೆಯಲ್ಲಿ ಇರುತ್ತದೆ. ದಿನಾ ತೆಗೆದು ಮುಚ್ಚುವ ಜಾಗದಲ್ಲಿ ಈ ಎರಡನ್ನೂ ಸನ್ನೆ, ಸರಳು ಹಾಕಿ ಜೋಡಿಸಿದರೆ ಕಾಲ ಕಳೆದಂತೆ ಸಡಿಲ ಆಗುತ್ತದೆ. ಝೈಸ್ ಇಕಾನ್‌ನವರು ಆ ಜೋಡಣೆಯನ್ನೇ ತೆಗೆದುಹಾಕಿದರು. ಲೆನ್ಸ್ ಪಕ್ಕದಲ್ಲಿ ಒಂದು ಪುಟ್ಟ ತೋಳು. ಅದರ ಒಳಗೆ ಬೆಣೆಯಾಕಾರದ ಎರಡು ಗಾಜು. ಫೋಕಸ್ ತಿರುಗಿಸಿದಾಗ ಹಲ್ಲಿನ ಚಕ್ರಗಳ ಮೂಲಕ ಅವು ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತವೆ, ಬೆಳಕಿನ ದಾರಿ ಸ್ವಲ್ಪ ವಾಲುತ್ತದೆ. ಹಿಂದಿನಿಂದ ನೋಡುವವರ ಕಣ್ಣಿಗೆ ಎರಡು ಬಿಂಬ ಸರಿದು ಒಂದಾಗುತ್ತವೆ. ಬಾಗಿಲಿಗೂ ಪೆಟ್ಟಿಗೆಗೂ ನಡುವೆ ಇರುವುದು ಬೆಳಕು ಮಾತ್ರ. ಬೆಳಕು ಸವೆಯುವುದಿಲ್ಲ. ಅದಕ್ಕೇ ಎಪ್ಪತ್ತು ವರ್ಷ ಹಳೆಯದಾದರೂ, ಯಾರೂ ಕೈಹಾಕದ ಸೂಪರ್ ಇಕಾಂಟಾದ ರೇಂಜ್‌ಫೈಂಡರ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಯಾರಾದರೂ ಕೈಹಾಕಿದ್ದರೆ ಮಾತು ಬೇರೆ. ಒರೆಸಲು ಲೆನ್ಸ್‌ನ ಮುಂಭಾಗ ಬಿಚ್ಚಿ, ಚಕ್ರದ ಹಲ್ಲು ಒಂದು ಆಚೀಚೆ ಕೂರಿಸಿದ್ದರೂ ಸಾಕು, ರೇಂಜ್‌ಫೈಂಡರ್ ಒಂದು ದೂರ ಹೇಳುತ್ತದೆ, ಲೆನ್ಸ್ ಇನ್ನೊಂದು ದೂರಕ್ಕೆ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇದನ್ನು ಪತ್ತೆ ಮಾಡಲು ಫಿಲ್ಮ್ ಕೂರುವ ಜಾಗಕ್ಕೆ ಸರಿಯಾಗಿ ಕತ್ತರಿಸಿದ ಗಾಜಿನ ತುಂಡು ಇಟ್ಟುಕೊಂಡಿದ್ದೇನೆ. ಲೆನ್ಸ್ ಕಡೆಯ ಮುಖಕ್ಕೆ ಮಬ್ಬು ಟೇಪ್ ಅಂಟಿಸಿದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಹಿಂಬಾಗಿಲು ತೆಗೆದು, ಈ ಗಾಜು ಇಟ್ಟು, ಶಟರನ್ನು ಬಿ ಯಲ್ಲಿ (ಬಟನ್ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸ್ಥಾನ) ತೆರೆದು ಹಿಡಿದು, ಭೂತಗನ್ನಡಿಯಿಂದ ನೋಡುತ್ತೇನೆ. ನಮ್ಮ ಊರಿನ ಟಿವಿ ಗೋಪುರ ಬೆಟ್ಟದ ಮೇಲಿದೆ, ಬಹಳ ದೂರದಿಂದ ಕಾಣುತ್ತದೆ. ಅದೂ 1956ರದ್ದೇ, ಸೂಪರ್ ಇಕಾಂಟಾ 4ರ ಓರಗೆಯದು. ಫೋಕಸ್ ಅನಂತಕ್ಕೆ ಇಟ್ಟಾಗ ಗೋಪುರದ ತುದಿ ಗಾಜಿನ ಮೇಲೆ ಚೂಪಾಗಿ ಮೂಡಬೇಕು. ಅದೇ ಹೊತ್ತಿಗೆ ರೇಂಜ್‌ಫೈಂಡರ್‌ನಲ್ಲೂ ಎರಡು ಗೋಪುರ ಒಂದಾಗಿರಬೇಕು. ಎರಡೂ ಒಪ್ಪಿದರೆ ಲೆನ್ಸ್ ಮೇಲೆ ಒಂದೆರಡು ಗೀರು ಇದ್ದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಬೆಲೋಸ್, ಅಂದರೆ ಲೆನ್ಸಿಗೂ ಪೆಟ್ಟಿಗೆಗೂ ನಡುವಿನ ಮಡಿಕೆ ಚೀಲ, ಅದರ ಪರೀಕ್ಷೆ ಸುಲಭ. ಕತ್ತಲೆ ಕೋಣೆಯಲ್ಲಿ ಸಣ್ಣ ಎಲ್‌ಇಡಿ ದೀಪವನ್ನು ಒಳಗೆ ಬಿಟ್ಟು, ಹೊರಗಿನಿಂದ ಮಡಿಕೆಗಳ ಮೂಲೆ ನೋಡಬೇಕು. ತೂತು ಬೀಳುವುದು ಮೂಲೆಯಲ್ಲೇ. ಹಾಗೆಯೇ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಕಿವಿ ಹತ್ತಿರ ಹಿಡಿಯಿರಿ. ಸದ್ದು ಎಲ್ಲೂ ತಡವರಿಸದೆ ಕೊನೆತನಕ ಸಾಗಬೇಕು. ನಡುವೆ ನಿಂತರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ ಎಂದರ್ಥ. ಅದನ್ನು ಬಲ್ಲವರ ಕೈಗೆ ಕೊಡಿ, ಸುಮ್ನೆ ಎಣ್ಣೆ ಬಿಡಬೇಡಿ.

ರೆಟಿನಾ ಕೊಳ್ಳುವವರಿಗೆ ಒಂದು ಗುಟ್ಟು ಗೊತ್ತಿರಬೇಕು. 2ಎ, 3ಸಿ ಮಾದರಿಗಳಲ್ಲಿ ಫಿಲ್ಮ್ ಇಲ್ಲದೆ ಲಿವರ್ ಎಳೆದರೆ ಶಟರ್ ಏರುವುದಿಲ್ಲ, ಅಂದರೆ ಹೊಡೆಯಲು ಸಜ್ಜಾಗುವುದಿಲ್ಲ. ಫಿಲ್ಮಿನ ತೂತಿಗೆ ಸಿಕ್ಕುವ ಹಲ್ಲಿನ ಚಕ್ರ ತಿರುಗಿದರೆ ಮಾತ್ರ ಏರುತ್ತದೆ. ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಶನಿವಾರ ನಡೆಯುವ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬರು ಅಜ್ಜ, "ಇದು ಕೆಟ್ಟಿದೆ, ಷೋಕೇಸಿಗೆ ಬೇಕಾದರೆ ತಗೊಳ್ಳಿ" ಎಂದು 2ಎ ಒಂದನ್ನು ಕೈಗಿಟ್ಟರು. ಹಿಂಬಾಗಿಲು ತೆಗೆದು ಬೆರಳಿನಿಂದ ಆ ಚಕ್ರ ತಿರುಗಿಸುತ್ತಾ ಲಿವರ್ ಎಳೆದೆ. ಶಟರ್ ಏರಿತು, ಬಟನ್ ಒತ್ತಿದಾಗ ಟಕ್ ಎಂದು ಹೊಡೆಯಿತು. ಅವರ ಮುಖ ಅರಳಿತು. ಅದು ಕೆಟ್ಟಿಲ್ಲ ಎಂದು ವಿವರಿಸಿ, ನಡೆಯುವ ಕ್ಯಾಮೆರಾದ ಬೆಲೆಯನ್ನೇ ಕೊಟ್ಟು ತಂದೆ. ತಿಳಿವಳಿಕೆ ಇದೆ ಎಂದು ಮಾರುವವರಿಗೆ ಕಡಿಮೆ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಇನ್ನೊಂದು ಮಾತು, 3ಸಿಯ ಲೆಕ್ಕದ ಮುಳ್ಳು ಹಿಂದಕ್ಕೆ ಓಡುತ್ತದೆ. ಅದು 1ಕ್ಕೆ ಬಂದಾಗ ಲಿವರ್ ನಿಲ್ಲುತ್ತದೆ. ಆಗ ಬಲ ಹಾಕದೆ ಮುಳ್ಳನ್ನು ಮೇಲಕ್ಕೆ ಸರಿಸಬೇಕು. ಬಲ ಹಾಕಿದರೆ ಒಳಗಿನ ಹಲ್ಲು ಮುರಿಯುತ್ತದೆ.

ಬಳಸುವಾಗ ಎರಡು ಅಭ್ಯಾಸ ಬಿಡಬೇಡಿ. 1/500 ವೇಗ ಬೇಕಿದ್ದರೆ ಶಟರ್ ಏರಿಸುವ ಮೊದಲೇ ಇಟ್ಟುಕೊಳ್ಳಿ. ಸೂಪರ್ ಇಕಾಂಟಾದಂಥ 120 ರೀಲಿನ (ಅಗಲ ಫಿಲ್ಮಿನ) ಕ್ಯಾಮೆರಾವನ್ನು ನಿಧಾನವಾಗಿ ತೆರೆಯಿರಿ, ತೆರೆದ ಮೇಲೆ ರೀಲು ಸುತ್ತಿ. ಧಡಕ್ಕನೆ ತೆರೆದರೆ ಬೆಲೋಸ್ ಗಾಳಿ ಎಳೆದು ಫಿಲ್ಮ್ ಉಬ್ಬುತ್ತದೆ, ಚಿತ್ರ ಮಬ್ಬಾಗುತ್ತದೆ.

ಕರ್ನಾಟಕದಲ್ಲಿ ಇಂಥ ಕ್ಯಾಮೆರಾ ಇಟ್ಟುಕೊಂಡವರಿಗೆ, ಅದರಲ್ಲೂ ಕರಾವಳಿ, ಮಲೆನಾಡಿನವರಿಗೆ, ದೊಡ್ಡ ಶತ್ರು ಬೂಷ್ಟು. ಚರ್ಮದ ಕವರ್ ತೇವ ಹಿಡಿದಿಡುತ್ತದೆ, ಬೂಷ್ಟಿಗೆ ಅದೇ ಮನೆ. ಕವರನ್ನು ಬೇರೆ ಕಡೆ ಇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಕ್ಯಾಮೆರಾ ಇಡಿ, ಮಳೆಗಾಲದಲ್ಲಿ ಜೆಲ್ ಬದಲಿಸುತ್ತಿರಿ. ಎಲ್ಲಕ್ಕಿಂತ ಜಾಸ್ತಿ, ಆಗಾಗ ಹೊರಗೆ ತೆಗೆದು ಬೆಳಕಿಗೆ, ಗಾಳಿಗೆ ಒಡ್ಡಿ, ಒಂದು ರೀಲು ಓಡಿಸಿ.