ಸೆಕೆಂಡ್ ಹ್ಯಾಂಡ್ ಶೂ, ಹೊಸ ಚಕ್ರ

"ಸ್ಕೇಟನ್ನೂ ಸೆಕೆಂಡ್ ಹ್ಯಾಂಡ್ ತರ್ತೀಯೇನಪ್ಪಾ?" ಅಂತ ನಕ್ಕಿದ್ದ ಭಾವ ಈಗ ತಮ್ಮ ಮಗನಿಗೂ ಒಂದು ಜೊತೆ ಹುಡುಕಿಕೊಡು ಅಂತ ಬೆನ್ನು ಹತ್ತಿದ್ದಾರೆ. ಮಗಳ ಸ್ಕೇಟಿಂಗ್ ಕೋಚ್‌ಗೂ ಮೊದಲು ನಂಬಿಕೆ ಇರಲಿಲ್ಲ. ಈಗ ಬಾಯಿ ಬಿಡಲ್ಲ.

ಮಗಳ ಮೊದಲ ಜೊತೆ ಉಡುಗೊರೆ ಬಂದದ್ದು. ಅಡ್ಜಸ್ಟಬಲ್ ಇನ್‌ಲೈನ್ (ಚಕ್ರಗಳೆಲ್ಲ ಒಂದೇ ಸಾಲಿನಲ್ಲಿರೋದು), ಪ್ಲಾಸ್ಟಿಕ್ ಫ್ರೇಮು, ಮಿಣಮಿಣ ಲೈಟಿನ ಚಕ್ರ, ಎರಡು ಸಾವಿರದ ಆಸುಪಾಸು. ಬೆಳೆಯೋ ಕಾಲು, ಮೂರ್ನಾಲ್ಕು ಸೈಜ್ ನಡೆಯುತ್ತೆ ಅಂದರು. ಉದ್ದ ಹಿಗ್ಗುತ್ತೆ ನಿಜ, ಕಣಕಾಲಿನ ಹತ್ತಿರ ಹಿಡಿತವೇ ಇಲ್ಲ. ನಿಂತರೆ ಎರಡೂ ಪಾದ ಒಳಕ್ಕೆ ವಾಲುತ್ತಿದ್ದವು. ಬಕಲ್ ಒಂದು ಮಳೆಗಾಲ ಬಾಳಲಿಲ್ಲ. ಕೋಚ್ ಹೇಳಿದ ಹೊಸ ಸೆಟ್‌ಗೆ ಒಂಬತ್ತು ಸಾವಿರ. ಹೆಲ್ಮೆಟ್ಟು, ಪ್ಯಾಡು, ಫೀಸು ಬೇರೆ.

ಗಟ್ಟಿ ಶೂ, ಅಲ್ಯೂಮಿನಿಯಂ ಫ್ರೇಮಿನ ಹಳೇ ಜೊತೆ ಹುಡುಕಿದೆ. ಚಕ್ರ ಸವೆದಿದ್ದಷ್ಟೂ ಒಳ್ಳೆಯದು, ಚೌಕಾಸಿಗೆ ಅನುಕೂಲ. ಹದಿನೆಂಟು ನೂರಕ್ಕೆ ಸಿಕ್ಕಿತು. ಎಲ್ಲಿ ಅಂತ ಹೇಳಿದರೆ ನಾಳೆ ನನಗೇ ಸಿಗಲ್ಲ. ಕಣಕಾಲಿನ ಭಾಗವನ್ನು ಎರಡೂ ಹೆಬ್ಬೆರಳಿಂದ ಒತ್ತಿ ನೋಡಿ, ಮಡಚಿದರೆ ವಾಪಸ್ ಇಡಿ. ಒಳಗಿನ ಸೋಲ್ ತೆಗೆದು ನೆಲದ ಮೇಲಿಟ್ಟು ಮಗುವನ್ನು ಅದರ ಮೇಲೆ ನಿಲ್ಲಿಸಿ. ಹಿಮ್ಮಡಿ ಹಿಂದಕ್ಕೆ ಸೇರಿಸಿದರೆ ಮುಂದೆ ಅರ್ಧ ಬೆರಳಿನ ಅಗಲದಷ್ಟು ಜಾಗ ಸಾಕು. ಲೇಸ್ ಬಿಗಿದು ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಕೊಂಚ ಎದ್ದರೆ ನಾನು ಒಳಗೊಂದು ತುಂಡು ಇಡುತ್ತೇನೆ. ಏನದು ಅಂತ ಭಾವನಿಗೂ ಹೇಳಿಲ್ಲ.

ಹೊಸ ಚಕ್ರ 72 ಮಿಮೀ, ಗಡಸುತನ 82ಎ (ಈ ಅಂಕಿ ಹೆಚ್ಚಿದಷ್ಟೂ ಚಕ್ರ ಗಟ್ಟಿ), ಹದಿನೈದು ನೂರು ಚಿಲ್ಲರೆ. 88ಎ ಹಾಕಿ ನೋಡಿದ್ದೆ: ಬೇಸ್‌ಮೆಂಟಿನಲ್ಲಿ ಜಾರುತ್ತೆ, ಬೀದಿಯ ಕಾಂಕ್ರೀಟಿನಲ್ಲಿ ಹಲ್ಲು ಕಟಕಟ ಅನ್ನುವಷ್ಟು ಅದುರುತ್ತೆ. 78ಎ ಚೆನ್ನಾಗಿ ಹಿಡಿಯಿತು, ಆದರೆ ರಬ್ಬರಿನ ಥರ ಸವೆಯಿತು.

ಚಕ್ರದೊಳಗಿನ ಬೇರಿಂಗ್ 608 ಸೈಜಿನದು, ಒಂದು ಜೊತೆಗೆ ಹದಿನಾರು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ತಂದೆ. ಮಳೆನೀರು ಕುಡಿದರೆ ಪಕ್ಕದ ಮುಚ್ಚಳ (ಶೀಲ್ಡ್) ಬಿಚ್ಚಿ ಪೆಟ್ರೋಲಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ಹನಿ. ಕೆಳಗಿನ ಮನೆಯ ಹುಡುಗ ವೇಗಕ್ಕೇ ಹೆದರಿ ಅಳುತ್ತಿದ್ದ. ಅವನ ಬೇರಿಂಗಿಗೆ ಬೇಕಂತಲೇ ಗಟ್ಟಿ ಗ್ರೀಸ್ ತುಂಬಿದೆ. ಚಕ್ರ ಸೋಮಾರಿಯಾಯಿತು, ಹುಡುಗ ಧೈರ್ಯವಾಗಿ ನಿಂತ. ಈಗ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಅವನನ್ನು ಹಿಡಿಯೋರಿಲ್ಲ, ಗ್ರೀಸ್ ತೆಗೆದುಬಿಟ್ಟಿದ್ದೇನೆ.

ಮಗಳಿಗೆ ಒಟ್ಟು ನಾಲ್ಕು ಸಾವಿರದೊಳಗೇ ಮುಗಿಯಿತು. ಈಗ ಕಾಲು ಬೆಳೆದಿದೆ, ಆ ಶೂ ಕೊಂಡ ಬೆಲೆಗೇ ಹೋಯಿತು. ಚಕ್ರ ಬಿಚ್ಚಿಟ್ಟುಕೊಂಡೇ ಕೊಟ್ಟೆ.