ಇಪ್ಪತ್ತು ರೂಪಾಯಿ ಕಾಮಿಕ್ಸ್, ಬನಶಂಕರಿ ಜಾತ್ರೆ

ಕಪ್ಪು-ಬಿಳುಪು ಕಾಮಿಕ್ಸನ್ನು ಜಾತ್ರೆಯಲ್ಲಿ ಯಾರೂ ತಗೊಳ್ಳಲ್ಲ ಅಂತ ಬಾಗಲಕೋಟೆಯಲ್ಲಿ ನನಗೆ ಹೇಳದವರಿಲ್ಲ. ನಾನು ಹಲಗಲಿ ಬೇಡರ ಕಥೆಯನ್ನು 16 ಪುಟದ ಕಾಮಿಕ್ಸ್ ಮಾಡಿ ಸಾವಿರ ಪ್ರತಿ ಹಾಕಿಸಿದ್ದೆ. ಬಾದಾಮಿ ಹತ್ತಿರದ ಬನಶಂಕರಿಯ ಈ ಸಲದ ಜಾತ್ರೆಯಲ್ಲೇ ಹೆಚ್ಚುಕಮ್ಮಿ 700 ಹೋದವು. ಹಾಕಿದ ದುಡ್ಡು ಬಂತು, ಮೇಲೆ ಲಾಭವೂ ಆಯಿತು. ಚಿತ್ರ ಬರೆಯುವ ಗೆಳೆಯರು ಹೇಗೆ ಮಾಡಿದೆ ಅಂತ ಕೇಳುತ್ತಲೇ ಇದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಚಿತ್ರದ ಕೈ ಇರುವವರಿಗೆ ಕೊರತೆ ಇಲ್ಲ. ಡ್ರಾಯಿಂಗ್ ಮಾಸ್ತರರಿದ್ದಾರೆ, ಬೋರ್ಡ್ ಬರೆಯುವವರಿದ್ದಾರೆ, ನಾಟಕದ ಪರದೆ ಬರೆದವರ ಮಕ್ಕಳಿದ್ದಾರೆ, ಇಂಜಿನಿಯರಿಂಗ್ ಹುಡುಗರಿದ್ದಾರೆ. ಆದರೆ ಎಲ್ಲರ ಕಣ್ಣೂ ಬೆಂಗಳೂರಿನ ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್ ಮೇಳದ ಮೇಲೆ. ಬರೆದದ್ದು ಫೋನಿನಲ್ಲೇ ಉಳಿಯುತ್ತದೆ. ಮನೆ ಪಕ್ಕದ ಹುಡುಗ ಓದಲಿಲ್ಲ ಅಂದರೆ ಏನು ಬಂತು?

ಎಲ್ಲರೂ ಹೇಳಿದ ದಾರಿಯನ್ನು ನಾನೂ ಹಿಡಿದು ನೋಡಿದವನೇ. 24 ಪುಟ, ಪೂರ್ತಿ ಬಣ್ಣ, ಡಿಜಿಟಲ್ ಪ್ರಿಂಟ್. ಒಂದು ಪ್ರತಿಗೆ 90 ರೂಪಾಯಿ ಮೇಲೆ ಬಿತ್ತು. ಅಂಗಡಿಯವರು ನೂರಕ್ಕೆ 40 ಕಮಿಷನ್ ಕೇಳಿದರು. ಹಾಗಾದರೆ ಬೆಲೆ ಎಷ್ಟು ಇಡಬೇಕು ನೀವೇ ಲೆಕ್ಕ ಹಾಕಿ. 150 ಇಟ್ಟೆ. ಜನ ಕೈಗೆ ತಗೊಂಡು, ತಿರುವಿ ಹಾಕಿ, ಚೆನ್ನಾಗಿದೆ ಅಂತ ಇಟ್ಟು ಹೋದರು. ಒಂದು ಅಂಗಡಿಯಿಂದ ಮಾರಾಟವಾದ ಪ್ರತಿಗಳ ದುಡ್ಡು ಇವತ್ತಿಗೂ ಬಂದಿಲ್ಲ. ಹೆಸರು ಬೇಡ.

ಆಮೇಲೆ ಹಳೇ ಊರಿನ ಪ್ರೆಸ್ಸಿನ ಕಾಕಾ ಒಂದು ಮಾತು ಹೇಳಿದರು. "ತಮ್ಮಾ, ಆಷಾಢದಾಗ ಬಾ. ಲಗ್ನದ ಪತ್ರಿಕಿ ಇರಂಗಿಲ್ಲ, ಮಷಿನ್ ಸುಮ್ನ ಕುಂತಿರ್ತೈತಿ." ಇಡೀ ಲೆಕ್ಕ ಬದಲಾದದ್ದೇ ಇಲ್ಲಿಂದ. ಡೆಮಿ ಅನ್ನುವ ಅಳತೆಯ ಕಾಗದದ ಶೀಟ್ ಒಂದಕ್ಕೆ ಎರಡೂ ಕಡೆ ಸೇರಿ 1/8 ಸೈಜಿನ 16 ಪುಟ ಬರುತ್ತವೆ. ಅಂದರೆ ಒಂದು ಪ್ರತಿಗೆ ಒಂದೇ ಶೀಟು. ಸಾವಿರ ಪ್ರತಿಗೆ ಎರಡು ರೀಮ್, ಅಂದರೆ 500 ಶೀಟಿನ ಎರಡು ಕಟ್ಟು ಸಾಕು. 70 ಜಿಎಸ್ಎಂ ತೂಕದ ಮ್ಯಾಪ್ಲಿಥೋ ಕಾಗದ, ರೀಮಿಗೆ 900-950 ಇದ್ದ ನೆನಪು. ಪ್ಲೇಟು, ಪ್ರಿಂಟಿಂಗ್, ಹ್ಯಾಂಡ್‌ಬಿಲ್ ಹಾಕುವ ಹಳದಿ ಕಾಗದದ ರಕ್ಷಾಪುಟ, ಮಡಚಿ ಪಿನ್ ಹೊಡೆದದ್ದು, ಎಲ್ಲ ಸೇರಿ 7,000 ದಾಟಿತು, 8,000 ಮುಟ್ಟಲಿಲ್ಲ. ಬೆಲೆ 20 ಇಟ್ಟೆ. ಜಾತ್ರೆಯಲ್ಲಿ ಮಗು ಹಟ ಮಾಡಿದರೆ ಅಪ್ಪ ಯೋಚನೆ ಮಾಡದೆ ಕೊಡುವ ನೋಟು ಅದು. ಬಸ್ಸು, ಊಟ, ಕೂರುವ ಜಾಗದ ಖರ್ಚು ಕಳೆದರೂ ನಾಲ್ಕು ಸಾವಿರದ ಮೇಲೆ ಕೈಯಲ್ಲಿ ಉಳಿಯಿತು.

ಇನ್ನು ಚಿತ್ರದ ಮಾತು. ಮಸಿಗೆ ನೀರು ಬೆರೆಸಿ ಬೂದು ಬಣ್ಣದ ವಾಶ್ ಮಾಡಿದ ಪುಟಗಳನ್ನು ಈ ಮಷಿನ್ನುಗಳಿಗೆ ಕೊಡಬೇಡಿ, ಕೆಸರಾಗಿ ಬರುತ್ತವೆ. ಗೆರೆ ಇಲ್ಲವೇ ಗಟ್ಟಿ ಕಪ್ಪು, ಎರಡೇ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಬೂದು ಇಲ್ಲದೆ ಬರೀ ಕಪ್ಪು-ಬಿಳುಪು ಉಳಿಯುವ ಬಿಟ್‌ಮ್ಯಾಪ್ ಮಾಡಿ. ದೊಡ್ಡ ಕಪ್ಪು ಜಾಗ ಬಿಳಿಚಿಕೊಳ್ಳದ ಹಾಗೆ ತೆಗೆಯಲು ಒಂದು ಉಪಾಯ ಇದೆ. ಅದನ್ನು ಕಾಕಾ ನನಗೆ ಹೇಳಿಕೊಟ್ಟದ್ದು, ಅವರ ಅಂಗಡಿಯ ಗುಟ್ಟು, ಇಲ್ಲಿ ಬರೆಯಲ್ಲ.

ಅಕ್ಷರದ್ದು ಬೇರೆಯೇ ಜಗಳ. ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಚಿತ್ರದ ಸಾಫ್ಟ್‌ವೇರಿಗೆ ಹಾಕಿದರೆ ಏನೇನೋ ಗುರುತು ಬರುತ್ತವೆ. ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು ಅಲ್ಲಲ್ಲಿ ಜಾಗ ಬದಲಿಸುತ್ತದೆ. ಕಡೆಗೆ ಎಲ್ಲವನ್ನೂ ಕೈಯಲ್ಲೇ ಬರೆದೆ. ನಮ್ಮ ಮಾತಿನಲ್ಲಿ ಒತ್ತಕ್ಷರ ಜಾಸ್ತಿ ಅಲ್ವಾ, ಬರ್ತೈತ್ರಿ, ಹೋಗ್ಯಾನ್ರಿ, ಸಾಲಿನ ಕೆಳಗೆ ಜಾಗ ಬಿಡಲೇಬೇಕು. ಅದಕ್ಕೇ ಪಾತ್ರಗಳ ಮಾತು ಬರೆಯುವ ನನ್ನ ಬಲೂನುಗಳು ಉದ್ದ ಕಡಿಮೆ, ಅಗಲ ಜಾಸ್ತಿ. ಒಂದರಲ್ಲಿ ಮೂರು ಸಾಲಿಗಿಂತ ಹೆಚ್ಚು ಹಾಕಲ್ಲ. ಮಾತು ಪುಸ್ತಕದ ಕನ್ನಡದಲ್ಲಿರಲಿ ಅಂತ ಒಬ್ಬ ಮಾಸ್ತರರು ಬಹಳ ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ. ಜಾತ್ರೆಯಲ್ಲಿ ಮಕ್ಕಳು ಜೋರಾಗಿ ಓದಿ ಅಜ್ಜಿಯರಿಗೆ ಕೇಳಿಸಿದ್ದು ಆ ಮಾತಿನಿಂದಲೇ.

ಕಥೆ ಹಲಗಲಿ ಬೇಡರದು. ಮುಧೋಳ ತಾಲ್ಲೂಕಿನ ಹಲಗಲಿ, 1857, ಆಯುಧ ಒಪ್ಪಿಸಿ ಅಂದ ಕಂಪನಿ ಸರಕಾರಕ್ಕೆ ಒಪ್ಪಿಸಲ್ಲ ಅಂದ ಊರು. ಲಾವಣಿಯಲ್ಲಿ, ಶಾಲೆ ಪಾಠದಲ್ಲಿ ಎಲ್ಲರೂ ಕೇಳಿದ್ದಾರೆ. ಗೊತ್ತಿರುವ ಕಥೆ ಆದ್ದರಿಂದ ಮುಖಪುಟ ನೋಡಿಯೇ ನಿಲ್ಲುತ್ತಾರೆ. ಒಬ್ಬ ಹಿರಿಯರು ನಿಂತಲ್ಲೇ ಲಾವಣಿ ಹಾಡಿ, "ಈ ಮಾತು ಯಾಕ್ ಬಿಟ್ಟಿ?" ಅಂತ ಕೇಳಿ ಎರಡು ಪ್ರತಿ ತಗೊಂಡು ಹೋದರು. ಪ್ರತಿ ಪುಟದಲ್ಲೂ ಒಂದು ಮುಧೋಳ ನಾಯಿಯನ್ನು ಎಲ್ಲೋ ಅಡಗಿಸಿಟ್ಟಿದ್ದೆ. ಹುಡುಗರಿಗೆ ಅದನ್ನು ಹುಡುಕುವುದೇ ಆಟ.

ಪುಟ ಕಟ್ಟುವುದನ್ನು ಕಲಿತದ್ದು ಪಟ್ಟದಕಲ್ಲಿನಲ್ಲಿ. ವಿರೂಪಾಕ್ಷ ಗುಡಿಯ ಕಂಬಗಳನ್ನು ನಿಧಾನಕ್ಕೆ ನೋಡಿ. ರಾಮಾಯಣ, ಮಹಾಭಾರತದ ಕಥೆ ಪಟ್ಟಿ ಪಟ್ಟಿಯಾಗಿ ಸಾಗುತ್ತದೆ. ನಡುವೆ ಚೌಕಟ್ಟು ಇಲ್ಲ, ಅದೇ ಮನುಷ್ಯ ಮತ್ತೆ ಬಂದ ಅಂದರೆ ಮುಂದಿನ ಘಟನೆ. ಊರಿಗೆ ಬೆಂಕಿ ಹಚ್ಚುವ ಪುಟವನ್ನು ಹಾಗೇ ಚೌಕಟ್ಟಿಲ್ಲದೆ ಬರೆದೆ. ಈ ಪುಸ್ತಕದಲ್ಲಿ ನನಗೆ ಹೆಮ್ಮೆ ಇರುವ ಪುಟ ಅದೇ. ಅಂಥದ್ದನ್ನು ಈ ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನಮ್ಮೂರಿನ ಹೋಳಿ ಹಬ್ಬಕ್ಕೆ ನಾಲ್ಕು ಪುಟದ ಚಿಕ್ಕ ಕಾಮಿಕ್ಸ್. ಹಲಗೆ ವಾದ್ಯ ಬಾರಿಸುವ ಮಜಲು, ಬಣ್ಣದ ಬ್ಯಾರಲ್ ಹೊತ್ತ ಬಂಡಿಗಳು. ಬರೀ ಗೆರೆ ಬಿಟ್ಟು, ಬಣ್ಣ ನೀವೇ ತುಂಬಿ ಅಂತ ಹಾಕಿದೆ. 5 ರೂಪಾಯಿ. ದುಡ್ಡು ಏನೂ ಉಳಿಯಲಿಲ್ಲ. ಆದರೆ ಮಕ್ಕಳು ಬಣ್ಣ ತುಂಬಿ ತಂದು ತೋರಿಸಿದರು. ಮುಂದಿನ ಪುಸ್ತಕದಲ್ಲಿ ಅಂಥ ಒಂದು ಪುಟ ಇರುತ್ತದೆ.

ಮಾರುವ ಹೊತ್ತು ಮುಖ್ಯ. ಬನದ ಹುಣ್ಣಿಮೆಯ ತೇರಿನ ದಿನ ಜನ ಬಹಳ, ಮಾರಾಟ ಕಡಿಮೆ. ನೂಕುನುಗ್ಗಲಿನಲ್ಲಿ ಪುಸ್ತಕ ಯಾರು ನೋಡುತ್ತಾರೆ? ತೇರು ಮುಗಿದ ಮೇಲೂ ಕಂಪನಿ ನಾಟಕಗಳು ವಾರಗಟ್ಟಲೆ ನಡೆಯುತ್ತವೆ. ಸಂಜೆ ಟಿಕೆಟ್ ತಗೊಂಡು ನಾಟಕ ಶುರುವಾಗಲಿ ಅಂತ ಕಾಯುವ ಮನೆಮಂದಿಯೇ ನನ್ನ ಗಿರಾಕಿಗಳು. ಯಾವ ಥಿಯೇಟರ್ ಮುಂದೆ, ಯಾವ ಮೂಲೆಯಲ್ಲಿ ಕೂತೆ ಅಂತ ಮಾತ್ರ ಕೇಳಬೇಡಿ, ಮುಂದಿನ ವರ್ಷವೂ ಆ ಜಾಗ ನನಗೆ ಬೇಕು.

ಉಳಿದ ಮುನ್ನೂರರಲ್ಲಿ ಅರ್ಧದಷ್ಟನ್ನು ಶಾಲೆಗಳವರು ತಗೊಂಡರು. ಬರುವ ಆಷಾಢಕ್ಕೆ ಎರಡು ಸಾವಿರ ಹಾಕಿಸುತ್ತೇನೆ. ಕಾಗದದ ರೇಟು ಏರಿದೆ, ಆದರೂ ಬೆಲೆ ಇಪ್ಪತ್ತೇ. ನಿಮ್ಮದೂ 16 ಪುಟ ತಯಾರಿದ್ದರೆ ಅದೇ ವಾರ ತನ್ನಿ. ಇಬ್ಬರೂ ಸೇರಿ ಕಾಗದ ತರಿಸಿದರೆ ಇಬ್ಬರಿಗೂ ಅಗ್ಗ.