ಚಿಲಕ ಹಾಕಿದ ಮೇಲಿನ ಅರ್ಧ ತಾಸು

ಪಕ್ಕದ ಮನೆಯವರು "ನಿಮ್ಮ ನಾಯಿಮರಿ ನೀವು ಹೋದಾಗಿಂದ ಬರೋವರೆಗೂ ಕೂಗ್ತದೆ" ಅಂದರೆ ಮೊದಲು ಅದು ಹೇಗೆ ಕೂಗುತ್ತದೆ ಅಂತ ನೋಡಬೇಕು. ಹಳೇ ಮೊಬೈಲನ್ನು ಕಪಾಟಿನ ಮೇಲಿಟ್ಟು ವಿಡಿಯೋ ಚಾಲೂ ಮಾಡಿ, ಬಾಗಿಲು ಹಾಕಿಕೊಂಡು ಅರ್ಧ ತಾಸು ಹೊರಗಿದ್ದು ಬನ್ನಿ. ಮುಂದೆ ಮಾಡುವುದೆಲ್ಲ ಆ ವಿಡಿಯೋದ ಮೇಲೆ ನಿಂತಿದೆ.

ಬಾಗಿಲು ಮುಚ್ಚಿದ ಒಂದೆರಡು ನಿಮಿಷದಲ್ಲೇ ಕುಂಯ್‌ಗುಟ್ಟಿ, ಬಾಗಿಲ ಸಂದಿಗೆ ಮೂಗು ಒತ್ತಿ, ಸೆಕೆ ಇಲ್ಲದಿದ್ದರೂ ಏದುಸಿರು ಬಿಟ್ಟು ಜೊಲ್ಲು ಸುರಿಸುತ್ತಿದ್ದರೆ, ಇಟ್ಟ ತಿಂಡಿಯನ್ನು ಮೂಸದೇ ಬಿಟ್ಟಿದ್ದರೆ ಅದು ಭಯ. ಮೊದಲು ಮಲಗಿ, ಆಮೇಲೆ ಎದ್ದು ಚಪ್ಪಲಿ ಕಚ್ಚಿ, ನಡುನಡುವೆ ಬೊಗಳಿದರೆ ಬೇಸರ. ಮೀನಿನವಳು ಕೂಗಿದಾಗಲೋ ಹಂಚಿನ ಮೇಲೆ ಮಂಗ ಹಾರಿದಾಗಲೋ ಮಾತ್ರ ಬೊಗಳಿ ಸುಮ್ಮನಾದರೆ ಕಾವಲು. ಇನ್ನು ಉಚ್ಚೆಗೆ ಅವಸರವಾಗಿಯೂ ಕೂಗುತ್ತಿರಬಹುದು, ಎರಡು ತಿಂಗಳ ಮರಿ ಹಗಲಲ್ಲಿ ಮೂರು ತಾಸಿಗಿಂತ ಹೆಚ್ಚು ಉಚ್ಚೆ ತಡೆಯುವುದು ಕಷ್ಟ. ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಬರುವಷ್ಟು ತಾಸು ಅಂತ ಒಂದು ಅಂದಾಜಿದೆ. ಅದು ಮೇಲಿನ ಮಿತಿ, ನಾನು ಅದರಲ್ಲಿ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಕಾವಲಿನ ಬೊಗಳಿಕೆ ಸುಲಭದ್ದು. ಜಗುಲಿಯಿಂದ ಒಳಕೋಣೆಗೆ ತನ್ನಿ, ಕಿಟಕಿಯ ಕೆಳಗಿನ ಅರ್ಧಕ್ಕೆ ಪೇಪರ್ ಅಂಟಿಸಿ, ಫ್ಯಾನ್ ಹಾಕಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ತಗಡಿನ ಮೇಲಿನ ಮಳೆ ಸದ್ದು ಒಮ್ಮೆಲೇ ಕೇಳಿ ಮರಿ ಎದ್ದು ಕೂರುತ್ತದೆ. ಅದಕ್ಕೇ ಬ್ಯಾಟರಿ ರೇಡಿಯೋದಲ್ಲಿ ಕಾರವಾರ ಆಕಾಶವಾಣಿ ಹಾಕಿಡುವುದು ಒಳ್ಳೆಯದು. ಆದರೆ ನೀವು ಮನೆಯಲ್ಲಿದ್ದಾಗಲೂ ರೇಡಿಯೋ ಹಾಡುತ್ತಿರಬೇಕು. ಹೊರಡುವಾಗ ಮಾತ್ರ ಹಾಕಿದರೆ ರೇಡಿಯೋ ಶುರುವಾಯಿತು ಅಂದರೆ ಇವರು ಹೊರಟರು ಅಂತ ನಾಲ್ಕೇ ದಿನದಲ್ಲಿ ಕಲಿತುಬಿಡುತ್ತದೆ.

ಭಯದ್ದೇ ದೊಡ್ಡ ಕೆಲಸ. ಮರಿಯ ಗಾಬರಿ ಬಾಗಿಲು ಮುಚ್ಚಿದಾಗಲ್ಲ, ಗಾಡಿ ಕೀ ಸದ್ದಾದಾಗಲೇ ಶುರುವಾಗಿರುತ್ತದೆ. ಕೀ ತೆಗೆದುಕೊಂಡು ಅಲ್ಲೇ ಕೂತು ಚಾ ಕುಡಿಯಿರಿ. ಹೆಲ್ಮೆಟ್ ಹಾಕಿಕೊಂಡು ಪಾತ್ರೆ ತೊಳೆಯಿರಿ, ನೋಡಿದವರು ನಕ್ಕರೆ ನಗಲಿ. ದಿನಕ್ಕೆ ಹತ್ತು-ಹದಿನೈದು ಸಲದಂತೆ ನಾಲ್ಕೈದು ದಿನ ಹೀಗೆ ಮಾಡಿದರೆ ಕೀ ಸದ್ದಿಗೆ ಕಿವಿ ಮಾತ್ರ ತಿರುಗಿಸಿ ಮಲಗಿದಲ್ಲೇ ಇರುತ್ತದೆ. ಅಲ್ಲಿಗೆ ಬಂದ ಮೇಲೇ ಬಾಗಿಲಿಗೆ ಕೈ ಹಾಕಬೇಕು.

ಹೊರಗೆ ಹೋಗಿ ಚಿಲಕ ಹಾಕಿ, ಐದು ಸೆಕೆಂಡಿಗೆ ಒಳಗೆ ಬನ್ನಿ. ಮುಂದಿನದು ಹತ್ತು, ಆಮೇಲೆ ಮತ್ತೆ ಐದು, ಇಪ್ಪತ್ತು, ಎಂಟು, ಮೂವತ್ತು. ಪ್ರತಿ ಸಲವೂ ಹೆಚ್ಚಿಸುತ್ತಲೇ ಹೋದರೆ ಮುಂದಿನದು ಇನ್ನೂ ಕಷ್ಟದ್ದು ಅಂತ ಮರಿಗೂ ಗೊತ್ತಾಗುತ್ತದೆ. ಹೊತ್ತಿಗೆ ಏಳೆಂಟು ಸಲ, ದಿನಕ್ಕೆ ಎರಡು ಹೊತ್ತು ಸಾಕು. ನಡುವೆ ಕೂಗಿದರೆ? ಸುಮ್ಮನಾಗುವ ತನಕ ಹೊರಗೇ ನಿಲ್ಲಿ ಅಂತ ಹಲವರು ಹೇಳುತ್ತಾರೆ. ಬೇಸರದ ಬೊಗಳಿಕೆಗೆ ಅದು ಸರಿ. ಹೆದರಿದ ಮರಿಗೆ ಮಾತ್ರ ನಾನು ಹಾಗೆ ಮಾಡುವುದಿಲ್ಲ. ಒಳಗೆ ಹೋಗಿ, ಮುಂದಿನ ಸಲದ ಹೊತ್ತನ್ನು ಅರ್ಧಕ್ಕೆ ಇಳಿಸುತ್ತೇನೆ. ಕೂಗಿತು ಅಂದರೆ ನಾನು ಇಟ್ಟ ಲೆಕ್ಕ ತಪ್ಪಿದೆ ಅಂತಲೇ ಅರ್ಥ. ಮೂವತ್ತು-ನಲವತ್ತು ನಿಮಿಷ ದಾಟಿದ ಮೇಲೆ ಹತ್ತು-ಹದಿನೈದು ನಿಮಿಷದ ಜಿಗಿತ ಹಾಕಬಹುದು.

ಕೆಲಸ ಕೆಡುವುದು ಎಲ್ಲಿ ಅಂದರೆ, ಐದು ನಿಮಿಷ ಇರಲು ಕಲಿತ ಮರಿಯನ್ನು ಬಿಟ್ಟು ಎರಡು ತಾಸು ಪೇಟೆಗೆ ಹೋಗಿಬಿಡುವುದರಲ್ಲಿ. ಅಲ್ಲಿಗೆ ಮತ್ತೆ ಐದು ಸೆಕೆಂಡಿನಿಂದಲೇ ಶುರು. ಹಾಗಾಗಿ ಈ ಕಲಿಕೆ ನಡೆಯುವ ಮೂರು-ನಾಲ್ಕು ವಾರ ಮನೆಯಲ್ಲಿ ಅಜ್ಜಿಯೋ ಪಕ್ಕದ ಮನೆಯ ಅಕ್ಕನೋ ಯಾರಾದರೂ ಮರಿಯ ಜೊತೆ ಇರುವ ಹಾಗೆ ನೋಡಿಕೊಳ್ಳಿ.

ಬೇಸರಕ್ಕೆ ತಿಂಡಿ ಕೆಲಸ ಮಾಡುತ್ತದೆ, ಭಯಕ್ಕೆ ಅದೊಂದೇ ಸಾಲದು. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆಗೆ ಉಪ್ಪಿಲ್ಲದ ಮೊಸರನ್ನವನ್ನೋ ಮುಳ್ಳು ಪೂರ್ತಿ ತೆಗೆದ ಬೇಯಿಸಿದ ಬಂಗಡೆಯನ್ನೋ ಒತ್ತಿ ತುಂಬಿ, ರಾತ್ರಿ ಫ್ರೀಜರಿನಲ್ಲಿಡಿ. ಗಟ್ಟಿಯಾದದ್ದನ್ನು ನೆಕ್ಕಿ ಮುಗಿಸಲು ಮರಿಗೆ ಒಳ್ಳೇ ಹೊತ್ತು ಹಿಡಿಯುತ್ತದೆ. ತೆಂಗಿನ ಗರಟೆ ಕೊಡಬೇಡಿ, ಚೂರು ಸೀಳಿ ಗಂಟಲಿಗೆ ಸಿಗುತ್ತದೆ. ಬೆಂದ ಎಲುಬೂ ಹಾಗೇ. ಸುಲಿದ ಅಡಿಕೆ ಅಂಗಳದಲ್ಲಿ ಹರಡಿದ್ದರೆ ಮರಿಯನ್ನು ಅತ್ತ ಬಿಡಬೇಡಿ. ಅಡಿಕೆಯಲ್ಲಿನ ಅರೆಕೊಲಿನ್ ಎಂಬ ರಾಸಾಯನಿಕ ಹಿಂದೆ ನಾಯಿಗಳಿಗೆ ಜಂತುಹುಳದ ಔಷಧಿಯಾಗಿತ್ತು, ಹೆಚ್ಚಾದರೆ ವಾಂತಿ-ಭೇದಿ ಹತ್ತುತ್ತದೆ.

ಸರಪಳಿ ಹಾಕಿ ಜಗುಲಿಯಲ್ಲಿ ಕಟ್ಟಿದರೆ ಬೊಗಳುವುದು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಘಟ್ಟದ ಮೇಲೆ ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ತುತ್ತು, ಅದು ಬೇರೆ ಮಾತು. ಶಾಕ್ ಕೊಡುವ ಕುತ್ತಿಗೆ ಪಟ್ಟಿ ಹೆದರಿದ ಮರಿಯನ್ನು ಇನ್ನಷ್ಟು ಹೆದರಿಸುತ್ತದೆ. ಬಂದ ಮೇಲೆ ಬೈದರೆ ಮರಿ ಕಿವಿ ಹಿಂದಕ್ಕೆ ಮಡಚಿ ಕೂರುವುದು ತಪ್ಪೊಪ್ಪಿಗೆ ಅಲ್ಲ, ನಿಮ್ಮ ಮುಖ ನೋಡಿದ ಹೆದರಿಕೆ.

ನಾಲ್ಕು ವಾರವಾದರೂ ಒಂದು ನಿಮಿಷ ದಾಟದಿದ್ದರೆ, ಬಾಗಿಲು ಕೆರೆದು ಉಗುರಲ್ಲಿ ರಕ್ತ ಬಂದರೆ ವಿಡಿಯೋ ಸಮೇತ ಪಶುವೈದ್ಯರ ಹತ್ತಿರ ಹೋಗಿ. ಈ ಕಲಿಕೆಯ ಜೊತೆಗೆ ಕೊಡುವ ಮಾತ್ರೆಗಳಿವೆ. ಮನುಷ್ಯರ ನಿದ್ದೆ ಮಾತ್ರೆಯನ್ನು ಮುರಿದು ಕೊಡುವ ಸಾಹಸ ಮಾತ್ರ ಬೇಡ.